ಯಂತ್ರ ಓದುವ ಕೈಪಿಡಿ: ತಂತ್ರಾಂಶ ಸಾಧನಗಳ ವಿವರಣೆಯನ್ನು ಒರೆಗೆ ಹಚ್ಚುವ ಬಗೆ

ಪೀಠಿಕೆ

ಪರೀಕ್ಷಾ ಕೊಠಡಿಯಲ್ಲಿ ವಿದ್ಯಾರ್ಥಿಗೆ ಪ್ರಶ್ನೆಪತ್ರಿಕೆಯೊಂದೇ ಮಾರ್ಗದರ್ಶಿ. 'ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ' ಎಂಬ ಸೂಚನೆ ಅಚ್ಚಿನಲ್ಲಿ ಬಿಟ್ಟುಹೋದರೆ ಜಾಣ ವಿದ್ಯಾರ್ಥಿಯೂ ಎಂಟು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೊರಟು ಸಮಯ ಕಳೆದುಕೊಳ್ಳುತ್ತಾನೆ. ಅನುವಾದದಲ್ಲಿ ಒಂದು ಪದದ ಅರ್ಥ ಜಾರಿದರೆ ಲೆಕ್ಕ ಬಲ್ಲ ಮಗುವೂ ಲೆಕ್ಕ ತಪ್ಪುತ್ತದೆ. ಇಂತಹ ಉತ್ತರಪತ್ರಿಕೆ ಕೈಗೆ ಬಂದಾಗ ಅನುಭವಿ ಶಿಕ್ಷಕರು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ತಪ್ಪು ಮಗುವಿನದೋ, ಸೂಚನೆಯದೋ?

ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಈಗ ಇದೇ ಪ್ರಶ್ನೆ ಎದ್ದಿದೆ. ಮನುಷ್ಯರ ಪರವಾಗಿ ಕೆಲಸ ಮಾಡುವ 'ಏಜೆಂಟ್' ಎಂಬ ವ್ಯವಸ್ಥೆಗಳು ಹಲವು ತಂತ್ರಾಂಶ ಸಾಧನಗಳನ್ನು ಬಳಸುತ್ತವೆ. ಆ ಸಾಧನಗಳ ಕುರಿತು ಅವುಗಳಿಗೆ ತಿಳಿದಿರುವುದು ಸಾಧನದ ಜೊತೆಗೆ ಬರೆದಿಟ್ಟ ವಿವರಣೆಯಷ್ಟೇ. ವಿವರಣೆ ಅಸ್ಪಷ್ಟವಾಗಿದ್ದರೆ ಕೆಲಸ ಕೆಡುತ್ತದೆ. ಆದ್ದರಿಂದ ವಿವರಣೆಯ ಗುಣಮಟ್ಟವನ್ನು ಅಳೆಯುವುದು ಒಂದು ಸ್ವತಂತ್ರ ವಿದ್ಯೆಯಾಗಿ ಬೆಳೆಯುತ್ತಿದೆ. ಅದರ ಮೂಲತತ್ತ್ವಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಶಾಲಾ ಕೆಲಸಕ್ಕೆ ಇಂತಹ ತಂತ್ರಾಂಶಗಳು ಬರುವ ಕಾಲದಲ್ಲಿ, ಅವುಗಳನ್ನು ಒಪ್ಪುವ ಮೊದಲು ಏನನ್ನು ಕೇಳಬೇಕು ಎಂಬ ತಿಳಿವಳಿಕೆ ಶಿಕ್ಷಕರಿಗೆ ಅಗತ್ಯ.

ಏಜೆಂಟ್ ಮತ್ತು ಸಾಧನ

ಭಾಷಾ ಮಾದರಿಯು ಮೂಲತಃ ಪಠ್ಯವನ್ನು ಓದಿ ಪಠ್ಯವನ್ನು ರಚಿಸುವ ಯಂತ್ರ. ಅದು ತಾನಾಗಿ ಅಂಕಪಟ್ಟಿಯನ್ನು ತೆರೆಯಲಾರದು, ಸಂದೇಶ ಕಳುಹಿಸಲಾರದು. ಆ ಕೆಲಸಗಳನ್ನು ಮಾಡುವ ಸಣ್ಣ ಪ್ರೋಗ್ರಾಂಗಳನ್ನು ಬೇರೆಯಾಗಿ ಬರೆದು ಮಾದರಿಯ ಬಳಕೆಗೆ ಒದಗಿಸಲಾಗುತ್ತದೆ. ಇವೇ ಸಾಧನಗಳು. ಮಾದರಿ, ಸಾಧನಗಳು, ಮತ್ತು ಕೆಲಸ ಮುಗಿಯುವವರೆಗೆ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುವ ವ್ಯವಸ್ಥೆ, ಇವು ಮೂರೂ ಸೇರಿದಾಗ ಅದನ್ನು ಏಜೆಂಟ್ ಎನ್ನುತ್ತಾರೆ.

ಇದು ಕೆಲಸ ಮಾಡುವ ಕ್ರಮ ಸರಳವಾದುದು. ಮೊದಲು ಸಾಧನಗಳ ಪಟ್ಟಿಯನ್ನು ಮಾದರಿಯ ಮುಂದಿಡಲಾಗುತ್ತದೆ. ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಮತ್ತು ಅದಕ್ಕೆ ಕೊಡಬೇಕಾದ ಮಾಹಿತಿಗಳ ಪಟ್ಟಿ ಇರುತ್ತದೆ. ಮಾದರಿಯು ಇವನ್ನು ಓದಿ, ಯಾವ ಸಾಧನ ಬೇಕು, ಅದಕ್ಕೆ ಏನು ಕೊಡಬೇಕು ಎಂಬುದನ್ನು ನಿಗದಿತ ರೂಪದಲ್ಲಿ ಬರೆಯುತ್ತದೆ. ಹೊರಗಿನ ತಂತ್ರಾಂಶವು ಆ ಸಾಧನವನ್ನು ನಡೆಸಿ ಫಲಿತಾಂಶವನ್ನು ಮರಳಿಸುತ್ತದೆ. ಮಾದರಿಯು ಅದನ್ನು ಓದಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ಓಪನ್‌ಎಐ ಸಂಸ್ಥೆಯು 2023ರ ಜೂನ್‌ನಲ್ಲಿ ತನ್ನ ಮಾದರಿಗಳಿಗೆ ಇಂತಹ ಸೌಲಭ್ಯವನ್ನು ಒದಗಿಸಿತು. ಸಾಧನಗಳನ್ನು ಜೋಡಿಸಲು ಒಂದು ಸಮಾನ ರೀತಿ ಇರಲೆಂದು ಆಂತ್ರಾಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಅದರಲ್ಲಿಯೂ ಹೆಸರು, ವಿವರಣೆ, ಮಾಹಿತಿಗಳ ಪಟ್ಟಿ ಎಂಬ ಈ ಮೂರೇ ಸಾಧನದ ಮುಖ್ಯ ಪರಿಚಯ.

ಕಂಪ್ಯೂಟರ್ ಕೈಪಿಡಿಗಳು ಹೊಸವೇನಲ್ಲ. ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಅದರಲ್ಲಿ ಆಜ್ಞೆಯ ಹೆಸರು, ಬಳಸುವ ರೀತಿ, ವಿವರಣೆ ಇವುಗಳ ಜೊತೆಗೆ ಆ ಆಜ್ಞೆಯಲ್ಲಿ ಉಳಿದಿರುವ ದೋಷಗಳನ್ನು ಹೇಳುವ ಭಾಗವೂ ಇತ್ತು. ಆದರೆ ಆ ಕೈಪಿಡಿಯನ್ನು ಓದುತ್ತಿದ್ದವನು ಮನುಷ್ಯ. ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳುತ್ತಿದ್ದ, ಸಂಶಯ ಬಂದರೆ ಕೈ ತಡೆಯುತ್ತಿದ್ದ. ಏಜೆಂಟ್ ಬೇರೆ ಬಗೆಯ ಓದುಗ. ಬರೆಯದೆ ಬಿಟ್ಟ ಕಡೆಯಲ್ಲಿ ಅದು ಬಹಳ ಸಲ ಊಹೆಯಿಂದ ತುಂಬಿಕೊಂಡು ಮುಂದೆ ಸಾಗುತ್ತದೆ. ಆ ಊಹೆ ತಪ್ಪಾಗಿದ್ದರೂ ಅದರ ಉತ್ತರದ ಧಾಟಿಯಲ್ಲಿ ಅಳುಕು ಕಾಣದಿರಬಹುದು.

ಒಂದು ಉದಾಹರಣೆ

ಅಂಕಪಟ್ಟಿಯನ್ನು ನಿರ್ವಹಿಸುವ ಒಂದು ತಂತ್ರಾಂಶವನ್ನು ಊಹಿಸಿಕೊಳ್ಳಬಹುದು. ಅದರಲ್ಲಿ 'ಅಂಕ ಸೇರಿಸು' ಎಂಬ ಸಾಧನವಿದೆ. ವಿವರಣೆ ಇಷ್ಟೇ: 'ವಿದ್ಯಾರ್ಥಿಯ ಅಂಕವನ್ನು ಸೇರಿಸುತ್ತದೆ.'

ಮೇಲ್ನೋಟಕ್ಕೆ ಇದರಲ್ಲಿ ತಪ್ಪಿಲ್ಲ. ಆದರೆ 'ಸೇರಿಸು' ಎಂದರೆ ಪಟ್ಟಿಯಲ್ಲಿ ಹೊಸದಾಗಿ ಬರೆಯುವುದೋ, ಇರುವ ಅಂಕಕ್ಕೆ ಕೂಡಿಸುವುದೋ? ಜಾಲಸಂಪರ್ಕ ನಿಧಾನವಾಗಿ ಉತ್ತರ ಬಾರದಿದ್ದಾಗ ಏಜೆಂಟ್ ಅದೇ ಸಾಧನವನ್ನು ಮತ್ತೊಮ್ಮೆ ನಡೆಸಿತೆನ್ನೋಣ. ಮೊದಲ ಅರ್ಥದಲ್ಲಾದರೆ 18 ಅಂಕ 18 ಆಗಿಯೇ ಉಳಿಯಬಹುದು. ಎರಡನೆಯ ಅರ್ಥದಲ್ಲಾದರೆ 36 ಆಗುತ್ತದೆ. ವಿದ್ಯಾರ್ಥಿಯನ್ನು ಗುರುತಿಸುವುದು ಹಾಜರಿ ಕ್ರಮಸಂಖ್ಯೆಯಿಂದಲೋ, ದಾಖಲಾತಿ ಸಂಖ್ಯೆಯಿಂದಲೋ? ಪರೀಕ್ಷೆಗೆ ಬಾರದ ಮಗುವಿಗೆ ಏನು ಬರೆಯಬೇಕು? ಸೊನ್ನೆ ಬರೆದರೆ ಗೈರುಹಾಜರಾದ ಮಗು ಅನುತ್ತೀರ್ಣವಾದ ಮಗುವಾಗುತ್ತದೆ.

ಅದೇ ಸಾಧನದ ತಿದ್ದಿದ ವಿವರಣೆ ಹೀಗಿರಬಹುದು:

'ಅಂಕ ದಾಖಲಿಸು. ಒಬ್ಬ ವಿದ್ಯಾರ್ಥಿಯ ಒಂದು ವಿಷಯದ ಒಂದು ಪರೀಕ್ಷೆಯ ಅಂಕವನ್ನು ಬರೆಯುತ್ತದೆ. ಅಲ್ಲಿ ಮೊದಲೇ ಅಂಕವಿದ್ದರೆ ಅದನ್ನು ತೆಗೆದು ಹೊಸದನ್ನು ಬರೆಯುತ್ತದೆ, ಕೂಡಿಸುವುದಿಲ್ಲ. ದಾಖಲಾತಿ ಸಂಖ್ಯೆ ಕಡ್ಡಾಯ. ಹಾಜರಿ ಕ್ರಮಸಂಖ್ಯೆಯನ್ನು ಕೊಡಬಾರದು. ಅಂಕವು ಸೊನ್ನೆಯಿಂದ 50ರವರೆಗಿನ ಪೂರ್ಣಸಂಖ್ಯೆಯಾಗಿರಬೇಕು. ಪರೀಕ್ಷೆಗೆ ಬಾರದವರಿಗೆ ಸೊನ್ನೆಯ ಬದಲು "ಗೈರು" ಎಂದು ಕೊಡಬೇಕು. ಪರೀಕ್ಷೆಯ ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, 2025-04-03 ಎಂಬಂತೆ ಕೊಡಬೇಕು. ಫಲಿತಾಂಶ ಪ್ರಕಟವಾದ ಬಳಿಕ ಈ ಸಾಧನ ಕೆಲಸ ಮಾಡುವುದಿಲ್ಲ; ಆಗ "ತಿದ್ದುಪಡಿ ಕೋರು" ಎಂಬ ಸಾಧನವನ್ನು ಬಳಸಬೇಕು.'

ಎರಡು ವಿವರಣೆಗಳ ಹಿಂದಿರುವ ಪ್ರೋಗ್ರಾಂ ಒಂದೇ ಆಗಿರಬಹುದು. ಆದರೂ ಏಜೆಂಟ್‌ಗೆ ಅವು ಎರಡು ಬೇರೆ ಬೇರೆ ಸಾಧನಗಳಿದ್ದಂತೆ.

ಗುಣಮಟ್ಟದ ಏಳು ಅಂಶಗಳು

ವಿವರಣೆಯೊಂದನ್ನು ಪರಿಶೀಲಿಸುವಾಗ ಈ ಏಳು ಅಂಶಗಳನ್ನು ನೋಡಬೇಕು.

1. ಉದ್ದೇಶ ಮತ್ತು ಎಲ್ಲೆ. ಸಾಧನವನ್ನು ಯಾವಾಗ ಬಳಸಬೇಕು ಎಂಬುದರೊಂದಿಗೆ ಯಾವಾಗ ಬಳಸಬಾರದು ಎಂಬುದನ್ನೂ ಹೇಳಿರಬೇಕು. ಹೋಲಿಕೆಯಿರುವ ಎರಡು ಸಾಧನಗಳಿದ್ದರೆ ಅವುಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿರಬೇಕು.

2. ಕೊಡಬೇಕಾದ ಮಾಹಿತಿ. ಪ್ರತಿ ಮಾಹಿತಿಯ ಅರ್ಥ, ರೂಪ, ಅಳತೆಯ ಮಾನ, ಕಡ್ಡಾಯವೋ ಐಚ್ಛಿಕವೋ ಎಂಬುದು ತಿಳಿಯಬೇಕು. 03/04/2025 ಎಂಬುದು ಭಾರತದಲ್ಲಿ ಏಪ್ರಿಲ್ 3. ಅಮೆರಿಕದ ರೂಢಿಯಲ್ಲಿ ಮಾರ್ಚ್ 4. 'ದಿನಾಂಕ' ಎಂದಷ್ಟೇ ಬರೆದರೆ ಎರಡರಲ್ಲಿ ಒಂದನ್ನು ಏಜೆಂಟ್ ಊಹಿಸಬೇಕಾಗುತ್ತದೆ. ವರ್ಷವನ್ನು ಮೊದಲು ಬರೆಯುವ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ಈ ಗೊಂದಲವನ್ನು ನಿವಾರಿಸುತ್ತದೆ.

3. ಮರಳಿ ಬರುವ ಫಲಿತಾಂಶ. ಏನು ಬರುತ್ತದೆ, ಏನೂ ಸಿಗದಿದ್ದರೆ ಅದು ಹೇಗೆ ತಿಳಿಯುತ್ತದೆ ಎಂಬುದು ಇರಬೇಕು. ಖಾಲಿ ಪಟ್ಟಿ ಬಂದರೆ 'ಅಂತಹ ವಿದ್ಯಾರ್ಥಿ ಇಲ್ಲ' ಎಂದೋ, 'ಹುಡುಕಲು ಆಗಲಿಲ್ಲ' ಎಂದೋ?

4. ತಪ್ಪಿನ ಸಂದೇಶ. 'ದೋಷ ಸಂಭವಿಸಿದೆ' ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. 'ಅಂಕ 50ಕ್ಕಿಂತ ಹೆಚ್ಚಾಗಿದೆ; 50ರೊಳಗಿನ ಸಂಖ್ಯೆಯನ್ನು ಕೊಡಿ' ಎಂಬ ಸಂದೇಶವು ಮುಂದಿನ ಹೆಜ್ಜೆಯನ್ನು ಕಲಿಸುತ್ತದೆ. ತಪ್ಪಿನ ಸಂದೇಶವೂ ವಿವರಣೆಯ ಒಂದು ಭಾಗವೇ.

5. ಪರಿಣಾಮ. ಸಾಧನವು ಓದುವುದಷ್ಟೇ ಮಾಡುತ್ತದೆಯೋ, ಬರೆಯುತ್ತದೆಯೋ, ಅಳಿಸುತ್ತದೆಯೋ. ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಸಾಧ್ಯವೋ. ಎರಡು ಸಲ ನಡೆಸಿದರೆ ಏನಾಗುತ್ತದೆ ಎಂಬುದನ್ನು ತಿಳಿಸಿರಬೇಕು.

6. ಸತ್ಯ. ಸಾಧನವನ್ನು ಬದಲಿಸಿ ವಿವರಣೆಯನ್ನು ಹಾಗೆಯೇ ಬಿಡುವುದು ಸಾಮಾನ್ಯವಾದ ದೋಷ. ವಿವರಣೆಯಲ್ಲಿರುವ ಪ್ರತಿ ಉದಾಹರಣೆಯನ್ನೂ ನಡೆಸಿ ನೋಡಿ, ಹೇಳಿದಂತೆಯೇ ಫಲಿತಾಂಶ ಬರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳತಾದ ವಿವರಣೆಯು ವಿವರಣೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು, ಏಕೆಂದರೆ ಏಜೆಂಟ್ ಅದನ್ನು ನಂಬುತ್ತದೆ.

7. ಮಿತಿ. ಮಾದರಿಯು ಒಮ್ಮೆಗೆ ಗಮನಿಸಬಲ್ಲ ಪಠ್ಯಕ್ಕೆ ಮಿತಿಯಿದೆ. ನೂರಾರು ಸಾಧನಗಳ ಉದ್ದುದ್ದ ವಿವರಣೆಗಳು ತುಂಬಿಕೊಂಡರೆ ಮುಖ್ಯವಾದುದು ಮರೆಯಾಗುತ್ತದೆ. ಬೇಕಾದುದೆಲ್ಲ ಇದ್ದು ಬೇಡದುದು ಇಲ್ಲದಿರುವುದೇ ಉತ್ತಮ ವಿವರಣೆಯ ಲಕ್ಷಣ.

ಕನ್ನಡಕ್ಕೆ ಸಂಬಂಧಿಸಿದ ಮೂರು ಸಂಗತಿಗಳು

ಮೇಲಿನ ಅಂಶಗಳು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತವೆ. ಆದರೆ ವಿವರಣೆಯ ಕೊರತೆಯು ಕನ್ನಡದ ಬಳಕೆದಾರರನ್ನು ವಿಶೇಷವಾಗಿ ಕಾಡುವ ಸ್ಥಳಗಳು ಕೆಲವಿವೆ.

ಮೊದಲನೆಯದು ಭಾಷೆಯ ಸಂಕೇತ. ಅಂತರರಾಷ್ಟ್ರೀಯ ಮಾನಕದಲ್ಲಿ ಕನ್ನಡದ ಎರಡಕ್ಷರದ ಸಂಕೇತ 'ಕೆಎನ್'. 'ಕೆಎ' ಎಂಬುದು ಕರ್ನಾಟಕದ ವಾಹನಗಳ ಫಲಕದ ಮೇಲೆ ಕಾಣುವ ಗುರುತು. ಭಾಷಾ ಸಂಕೇತಗಳ ಪಟ್ಟಿಯಲ್ಲಿ ಅದು ಕಾಕಸಸ್ ಪ್ರದೇಶದ ಜಾರ್ಜಿಯನ್ ಭಾಷೆಗೆ ಸೇರಿದ್ದು, ಏಕೆಂದರೆ ಆ ಭಾಷೆಯನ್ನಾಡುವವರು ಅದನ್ನು 'ಕಾರ್ತುಲಿ' ಎನ್ನುತ್ತಾರೆ. ಅನುವಾದ ಸಾಧನವೊಂದರ ವಿವರಣೆಯಲ್ಲಿ 'ಭಾಷೆಯ ಸಂಕೇತ ಕೊಡಿ' ಎಂದಷ್ಟೇ ಇದ್ದು, ಯಾವ ಪಟ್ಟಿಯ ಸಂಕೇತ ಎಂಬುದು ಇಲ್ಲದಿದ್ದರೆ, ತಪ್ಪು ಊಹೆಯ ಫಲವಾಗಿ ಕನ್ನಡದ ಬದಲು ಜಾರ್ಜಿಯನ್ ಪಠ್ಯ ಬಂದೀತು. ಆಗ ಸಾಧನವು ದೋಷವನ್ನೇನೂ ವರದಿ ಮಾಡುವುದಿಲ್ಲ, ಏಕೆಂದರೆ ಕೇಳಿದ್ದನ್ನೇ ಅದು ಕೊಟ್ಟಿದೆ.

ಎರಡನೆಯದು ಪಠ್ಯದ ಉದ್ದ. 'ಕನ್ನಡ' ಎಂಬ ಪದದಲ್ಲಿ ಮಕ್ಕಳು ಎಣಿಸುವ ಅಕ್ಷರಗಳು 3. ಯುನಿಕೋಡ್ ಅದನ್ನು ಕ, ನ, ವಿರಾಮಚಿಹ್ನೆಯಲ್ಲದ ಹಲಂತ ಚಿಹ್ನೆ, ನ, ಡ ಎಂದು 5 ಸಂಕೇತಗಳಾಗಿ ಕಾಣುತ್ತದೆ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಅದೇ ಪದ 15 ಬೈಟ್‌ಗಳಾಗುತ್ತದೆ. 'ಸಂದೇಶದ ಉದ್ದ 150ನ್ನು ಮೀರಬಾರದು' ಎಂಬ ವಿವರಣೆಯು ಇವುಗಳಲ್ಲಿ ಯಾವುದನ್ನು ಎಣಿಸುತ್ತದೆ ಎಂದು ಹೇಳದಿದ್ದರೆ ಕನ್ನಡದ ಸಂದೇಶ ನಡುವೆಯೇ ತುಂಡಾಗಬಹುದು. ಇಂಗ್ಲಿಷಿನ ಸರಳ ಅಕ್ಷರಗಳಲ್ಲಿ ಈ ಮೂರು ಎಣಿಕೆಗಳೂ ಒಂದೇ ಆಗುವುದರಿಂದ, ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ಕೊರತೆ ಕಾಣುವುದೇ ಇಲ್ಲ.

ಮೂರನೆಯದು ಗಡಿಭಾಗದ ಶಾಲೆಗಳಿಗೆ ತೀರ ಹತ್ತಿರದ್ದು. ಪಾಲಕರಿಗೆ ಸೂಚನೆ ಕಳುಹಿಸುವ ಸಾಧನವೊಂದು 'ಪಾಲಕರ ಭಾಷೆಯಲ್ಲಿ ಸೂಚನೆಯನ್ನು ಕಳುಹಿಸುತ್ತದೆ' ಎಂದು ಹೇಳಿಕೊಂಡಿದೆಯೆಂದು ಭಾವಿಸೋಣ. ಒಳಗಡೆ ಅದು ವಿಳಾಸದಲ್ಲಿರುವ ರಾಜ್ಯವನ್ನು ನೋಡಿ ಭಾಷೆಯನ್ನು ಆರಿಸುತ್ತಿದ್ದರೆ, ಕಾಸರಗೋಡಿನ ಕನ್ನಡ ಮನೆಗೆ ಮಲಯಾಳದಲ್ಲಿಯೂ, ಜತ್ತಿನ ಮನೆಗೆ ಮರಾಠಿಯಲ್ಲಿಯೂ, ತಾಳವಾಡಿಯ ಮನೆಗೆ ತಮಿಳಿನಲ್ಲಿಯೂ, ಮಡಕಶಿರಾದ ಮನೆಗೆ ತೆಲುಗಿನಲ್ಲಿಯೂ ಸೂಚನೆ ಹೋಗುತ್ತದೆ. ಏಜೆಂಟ್ 'ಎಲ್ಲ ಪಾಲಕರಿಗೂ ಅವರ ಭಾಷೆಯಲ್ಲಿ ತಿಳಿಸಲಾಗಿದೆ' ಎಂದು ವರದಿ ಮಾಡುತ್ತದೆ. ಅದು ಸುಳ್ಳಾಡಿದ್ದಲ್ಲ, ವಿವರಣೆಯನ್ನು ನಂಬಿದೆ, ಅಷ್ಟೇ. 'ಭಾಷೆಯನ್ನು ರಾಜ್ಯದ ಆಧಾರದಿಂದ ಆರಿಸಲಾಗುತ್ತದೆ. ಬೇರೆ ಭಾಷೆ ಬೇಕಿದ್ದರೆ ಅದರ ಸಂಕೇತವನ್ನು ಕೊಡಿ' ಎಂಬ ಎರಡು ವಾಕ್ಯಗಳು ವಿವರಣೆಯಲ್ಲಿದ್ದರೆ ಈ ತಪ್ಪನ್ನು ತಪ್ಪಿಸಲು ಸಾಧ್ಯವಿತ್ತು.

ಅಳೆಯುವ ಕ್ರಮ

ವಿವರಣೆಯನ್ನು ಓದಿ 'ಚೆನ್ನಾಗಿದೆ' ಎನ್ನುವುದು ಮೌಲ್ಯಮಾಪನವಲ್ಲ. ಅದನ್ನು ಬರೆದವರಿಗೆ ಸಾಧನದ ಒಳಹೊರಗು ಮೊದಲೇ ಗೊತ್ತಿರುವುದರಿಂದ ಬಿಟ್ಟುಹೋದದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಪಾಠ ತಿಳಿಯಿತೇ ಎಂಬುದನ್ನು ವಿದ್ಯಾರ್ಥಿ ಮಾಡಿದ ಲೆಕ್ಕದಿಂದ ತಿಳಿಯುವಂತೆ, ವಿವರಣೆಯ ಗುಣವನ್ನು ಏಜೆಂಟ್ ಮಾಡಿದ ಕೆಲಸದಿಂದ ತಿಳಿಯಬೇಕು.

ಇದಕ್ಕಾಗಿ ಮೊದಲು ನಿಜ ಜೀವನಕ್ಕೆ ಹತ್ತಿರವಾದ ಕೆಲಸಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಪ್ರತಿ ಕೆಲಸದ ಸರಿಯಾದ ಫಲಿತಾಂಶವನ್ನು ಮುಂಚಿತವಾಗಿಯೇ ಬರೆದಿಡಬೇಕು. ಪಟ್ಟಿಯಲ್ಲಿ ಮೂರು ಬಗೆಯ ಕೆಲಸಗಳಿರಬೇಕು: ಸಾಧನವನ್ನು ಬಳಸಬೇಕಾದವು, ಬಳಸಬಾರದವು, ಮತ್ತು ಮಾಹಿತಿ ಸಾಲದೆ ಏಜೆಂಟ್ ಮರಳಿ ಪ್ರಶ್ನೆ ಕೇಳಬೇಕಾದವು. ಕೊನೆಯ ಬಗೆಯನ್ನು ಬಿಟ್ಟರೆ ಊಹಿಸುವ ಏಜೆಂಟ್‌ಗೂ ವಿಚಾರಿಸುವ ಏಜೆಂಟ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ.

ನಂತರ ಪ್ರತಿ ಕೆಲಸವನ್ನು ಹಲವು ಬಾರಿ ಮಾಡಿಸಬೇಕು, ಏಕೆಂದರೆ ಭಾಷಾ ಮಾದರಿಯು ಒಂದೇ ಪ್ರಶ್ನೆಗೆ ಪ್ರತಿ ಸಲವೂ ಒಂದೇ ಉತ್ತರವನ್ನು ಕೊಡುತ್ತದೆಂಬ ಖಾತರಿಯಿಲ್ಲ. ಸರಿಯಾದ ಸಾಧನವನ್ನು ಆರಿಸಿತೇ, ಸರಿಯಾದ ಮಾಹಿತಿಯನ್ನು ಕೊಟ್ಟಿತೇ, ಎಷ್ಟು ಸಲ ಪ್ರಯತ್ನಿಸಿತು, ತಪ್ಪಾದಾಗ ಚೇತರಿಸಿಕೊಂಡಿತೇ ಎಂಬುದನ್ನು ಎಣಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 'ಕೆಲಸ ಮುಗಿಯಿತು' ಎಂಬ ಏಜೆಂಟ್‌ನ ಮಾತನ್ನು ಆಧಾರವಾಗಿಟ್ಟುಕೊಳ್ಳದೆ ಅಂಕಪಟ್ಟಿಯನ್ನೇ ತೆರೆದು ನೋಡಬೇಕು.

ತಪ್ಪು ಕಂಡಲ್ಲಿ ವಿವರಣೆಯನ್ನು ಮಾತ್ರ ತಿದ್ದಿ, ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು, ಅದೇ ಕೆಲಸಗಳನ್ನು ಮತ್ತೆ ಮಾಡಿಸಬೇಕು. ಆಗ ಕಂಡ ಸುಧಾರಣೆ ವಿವರಣೆಯಿಂದಲೇ ಬಂದದ್ದು ಎನ್ನಲು ಆಧಾರ ದೊರೆಯುತ್ತದೆ. ಕೊನೆಗೆ, ತಿದ್ದುವಾಗ ಬಳಸದೆ ಬದಿಗಿಟ್ಟಿದ್ದ ಹೊಸ ಕೆಲಸಗಳಿಂದ ಅಂತಿಮ ಪರೀಕ್ಷೆ ನಡೆಸಬೇಕು. ಅಭ್ಯಾಸಕ್ಕೆ ಕೊಟ್ಟ ಲೆಕ್ಕಗಳನ್ನೇ ಪರೀಕ್ಷೆಯಲ್ಲಿಯೂ ಕೇಳಿದರೆ ಕಲಿಕೆಯನ್ನು ಅಳೆದಂತಾಗದು ಎಂಬುದು ಶಿಕ್ಷಕರಿಗೆ ತಿಳಿದ ವಿಷಯವೇ.

ಈ ಕ್ರಮದ ಫಲವನ್ನು ತೋರಿಸುವ ಒಂದು ಪ್ರಸಂಗವಿದೆ. ಎಸ್‌ಡಬ್ಲ್ಯುಇ-ಬೆಂಚ್ ಎಂಬುದು ಪೈಥಾನ್ ಭಾಷೆಯ 12 ಮುಕ್ತ ತಂತ್ರಾಂಶ ಯೋಜನೆಗಳಿಂದ ಆಯ್ದ 2294 ನೈಜ ಸಮಸ್ಯೆಗಳ ಸಂಗ್ರಹ. ಅಂತಹ ಸಮಸ್ಯೆಗಳನ್ನು ಬಿಡಿಸುವ ಏಜೆಂಟನ್ನು ರೂಪಿಸುವಾಗ, ಮಾದರಿಯು ಒಂದು ಕಡತಕೋಶದಿಂದ ಮತ್ತೊಂದಕ್ಕೆ ಹೋದ ಮೇಲೆ ಕಡತಗಳ ವಿಳಾಸವನ್ನು ತಪ್ಪಾಗಿ ಕೊಡುತ್ತಿತ್ತೆಂದು ಆಂತ್ರಾಪಿಕ್ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಲೇಖನದಲ್ಲಿ ತಿಳಿಸಿದೆ. 'ಇಲ್ಲಿಂದ ಮೂರನೆಯ ಮನೆ' ಎಂಬ ಗುರುತು, ಹೇಳುವವರು ನಿಂತ ಜಾಗ ಬದಲಾದೊಡನೆ ಕೆಲಸಕ್ಕೆ ಬಾರದಂತೆ ಆಗುವ ಬಗೆಯ ತಪ್ಪು ಅದು. ಸಾಧನವು ಯಾವಾಗಲೂ ಪೂರ್ಣ ವಿಳಾಸವನ್ನೇ ಕೇಳುವಂತೆ ಬದಲಿಸಿದ ಮೇಲೆ ಆ ತಪ್ಪು ನಿಂತಿತು. ಬದಲಾದದ್ದು ಮಾದರಿಯಲ್ಲ, ಅದರ ಕೈಗೆ ಕೊಟ್ಟ ಸಾಧನ.

ಒಂದು ಎಚ್ಚರಿಕೆ

ಸುಂದರವಾದ ವಿವರಣೆ ಪ್ರಾಮಾಣಿಕವಾಗಿರಲೇಬೇಕೆಂದಿಲ್ಲ. 'ಇದು ಓದುವುದಷ್ಟೇ ಮಾಡುತ್ತದೆ' ಎಂದು ಬರೆದುಕೊಂಡ ಸಾಧನವು ಒಳಗೆ ಬರೆಯುತ್ತಿರಬಹುದು. ವಿವರಣೆಯ ನಡುವೆ ಏಜೆಂಟನ್ನು ದಾರಿ ತಪ್ಪಿಸುವ ಗುಪ್ತ ಸೂಚನೆಗಳನ್ನು ಅಡಗಿಸುವುದೂ ಸಾಧ್ಯ. ಆದುದರಿಂದಲೇ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನ ನಿಯಮಾವಳಿಯು, ಸಾಧನವು ತನ್ನ ಪರಿಣಾಮದ ಬಗ್ಗೆ ಕೊಡುವ ಟಿಪ್ಪಣಿಗಳು ಸುಳಿವುಗಳಷ್ಟೇ, ನಂಬಲರ್ಹ ಮೂಲದಿಂದ ಬಂದಿರದಿದ್ದರೆ ಅವುಗಳನ್ನು ನೆಚ್ಚಬಾರದು ಎನ್ನುತ್ತದೆ. ಅಂಕ, ಹಾಜರಿ, ವರ್ಗಾವಣೆ ಪತ್ರದಂತಹ ದಾಖಲೆಗಳನ್ನು ಬದಲಿಸುವ ಸಾಧನಗಳಿಗೆ ಮನುಷ್ಯರ ಒಪ್ಪಿಗೆಯ ಹೆಜ್ಜೆಯೊಂದು ಕಡ್ಡಾಯವಾಗಿರುವುದು ಕ್ಷೇಮ.

ತರಗತಿ ಚಟುವಟಿಕೆ

8ನೆಯ ತರಗತಿ ಮತ್ತು ಮೇಲಿನ ಮಕ್ಕಳಿಗೆ ಈ ವಿಷಯವನ್ನು ಕಂಪ್ಯೂಟರ್ ಇಲ್ಲದೆಯೂ ಕಲಿಸಬಹುದು.

ತರಗತಿಯನ್ನು ಗುಂಪುಗಳಾಗಿ ವಿಂಗಡಿಸಬೇಕು. ಪ್ರತಿ ಗುಂಪು ಗ್ರಂಥಾಲಯದಿಂದ ಪುಸ್ತಕ ಪಡೆಯುವುದು, ನಕಾಶೆಯಲ್ಲಿ ಊರನ್ನು ಗುರುತಿಸುವುದು ಮುಂತಾದ ಒಂದು ಕೆಲಸಕ್ಕೆ ಐದು ವಾಕ್ಯಗಳ ಸೂಚನಾ ಚೀಟಿಯನ್ನು ಬರೆಯಬೇಕು. ಬೇರೆ ಗುಂಪಿನ ಒಬ್ಬ ವಿದ್ಯಾರ್ಥಿಯು 'ಏಜೆಂಟ್' ಆಗಿ ಚೀಟಿಯಲ್ಲಿರುವುದನ್ನಷ್ಟೇ ಮಾಡಬೇಕು, ಬರೆದವರು ಬಾಯಿಬಿಡಬಾರದು. ಕೆಲಸ ಎಲ್ಲಿ ನಿಂತಿತು, ಎಲ್ಲಿ ಊಹೆ ಮಾಡಬೇಕಾಯಿತು ಎಂಬುದನ್ನು ಮೂರನೆಯ ಗುಂಪು ಬರೆದುಕೊಳ್ಳಬೇಕು. ಚೀಟಿಯನ್ನು ತಿದ್ದಿದ ಬಳಿಕ, ಮೊದಲು ನೋಡದ ಮತ್ತೊಬ್ಬ ವಿದ್ಯಾರ್ಥಿಯಿಂದ ಅದೇ ಕೆಲಸವನ್ನು ಮಾಡಿಸಬೇಕು. ಸೂಚನೆ ಬರೆಯುವುದು ಭಾಷಾ ಕೌಶಲವೆಂಬುದೂ, ಅದನ್ನು ಪರೀಕ್ಷಿಸುವುದು ವಿಜ್ಞಾನದ ಕ್ರಮವೆಂಬುದೂ ಮಕ್ಕಳಿಗೆ ಏಕಕಾಲದಲ್ಲಿ ಮನವರಿಕೆಯಾಗುತ್ತದೆ.

ಉಪಸಂಹಾರ

ವಿವರಣೆಯ ಪರೀಕ್ಷೆಯು ಅದಕ್ಕಾಗಿ ಆರಿಸಿದ ಕೆಲಸಗಳಷ್ಟೇ ಒಳ್ಳೆಯದು. ರಾಜ್ಯವೊಂದು, ಮನೆಯ ಭಾಷೆ ಇನ್ನೊಂದು, ಕಲಿಕೆಯ ಮಾಧ್ಯಮ ಮತ್ತೊಂದು ಆಗಿರಬಹುದೆಂಬುದು ಪಟ್ಟಿ ಸಿದ್ಧಪಡಿಸುವವರಿಗೆ ಹೊಳೆಯದಿದ್ದರೆ, ಆ ಪರೀಕ್ಷೆಯಲ್ಲಿ ಸಾಧನವು ಉತ್ತೀರ್ಣವಾಗಿಯೂ ಗಡಿನಾಡಿನ ಮಗುವಿನ ಬಳಿ ಸೋಲುತ್ತದೆ. ಆ ಕೆಲಸಗಳು ಯಾವುವೆಂದು ದಿನನಿತ್ಯ ಕಾಣುವವರು ಅಲ್ಲಿನ ಶಿಕ್ಷಕರು. ಶಾಲೆಗೆ ತಂತ್ರಾಂಶವೊಂದು ಬಂದಾಗ ಅದರ ಸಾಧನಗಳ ವಿವರಣೆಯನ್ನು ಕೇಳಿ ಪಡೆದು, ತಮ್ಮ ತರಗತಿಯ ಹತ್ತು ನೈಜ ಕೆಲಸಗಳನ್ನು ಬರೆದು ಕೊಟ್ಟು, 'ಇವುಗಳನ್ನು ಮಾಡಿ ತೋರಿಸಿ' ಎಂದು ಕೇಳುವುದಕ್ಕೆ ಪ್ರೋಗ್ರಾಂ ಬರೆಯುವ ವಿದ್ಯೆ ಬೇಕಿಲ್ಲ. ಪ್ರಶ್ನೆಪತ್ರಿಕೆ ರಚಿಸಿದ ಅನುಭವವೇ ಸಾಕು.